ಸೆವೆನ್ ಕಿಂಗ್ಸ್‌ನಲ್ಲಿ ಇಳಿದು ಒಂದು ಮ್ಯಾಚ್

ಶನಿವಾರ ಲಂಡನ್ನಲ್ಲಿ ಇಲ್ಫೋರ್ಡ್ ಎಫ್‌ಸಿ ಫುಟ್‌ಬಾಲ್ ಮ್ಯಾಚಿಗೆ ಹೋಗಿದ್ದೆ, ಎರಡೂ ಟೀಮು ನಂದಲ್ಲ, ಸೆವೆನ್ ಕಿಂಗ್ಸ್ ಸ್ಟೇಷನ್ನಲ್ಲಿ ಇಳಿದು ನಡಕೊಂಡೇ ಹೋದೆ. ಮ್ಯಾಚ್ ನಡೆದ ಕ್ರಿಕಲ್‌ಫೀಲ್ಡ್ ಅಂದ್ರೆ ನಂಗೆ ಸುಮ್ನೆ ಗ್ರೌಂಡಲ್ಲ. 1948ರ ಒಲಿಂಪಿಕ್ಸ್‌ನಲ್ಲಿ ನಮ್ಮವರು ಫ್ರಾನ್ಸ್ ಮೇಲೆ ಆಡಿದ್ದು ಇಲ್ಲೇ, ಹೆಚ್ಚಿನವ್ರು ಬರಿಗಾಲಲ್ಲಿ! ಎರಡು ಪೆನಾಲ್ಟಿ ಮಿಸ್ಸಾಗಿ 2-1ಕ್ಕೆ ಸೋತ್ರು, ಆದ್ರೆ ಆ ಒಂದು ಗೋಲ್ ಹೊಡೆದಿದ್ದು ನಮ್ಮ ಮೈಸೂರು ಟೀಮಿನ ಸಾರಂಗಪಾಣಿ ರಾಮನ್, ಸ್ವತಂತ್ರ ಭಾರತದ ಮೊದಲ ಗೋಲ್ ಅದು, ನೆನೆಸ್ಕೊಂಡ್ರೆ ಈಗ್ಲೂ ಮೈ ಜುಂ ಅನ್ನತ್ತೆ.

ಸುತ್ತ ಓಟದ ಟ್ರ್ಯಾಕ್ ಇರೋದ್ರಿಂದ ಆಟ ಸ್ವಲ್ಪ ದೂರ ಅನ್ಸತ್ತೆ, ಆದ್ರೂ ಜನ ಕಮ್ಮಿ ಇರೋದಕ್ಕೆ ಗೋಲ್‌ಕೀಪರ್ ಕೂಗೋದೂ ಕೇಳತ್ತೆ. ಪಕ್ಕದಲ್ಲಿದ್ದ ಅಜ್ಜನಿಗೆ ರಾಮನ್ ಕಥೆ ಹೇಳಿದೆ, ಅವ್ರು "ಯಾವ ಕಡೆ ಗೋಲಿಗೆ?" ಅಂತ ಕೇಳಿದ್ರು. ಹಾಫ್ ಟೈಮಲ್ಲಿ ಟೀ ಹಿಡ್ಕೊಂಡು ಇಬ್ರೂ ಎರಡು ಗೋಲ್‌ಪೋಸ್ಟನ್ನೂ ನೋಡ್ತಾ ನಿಂತ್ವಿ.