ಕಡಿಯದೆ ಬಿಟ್ಟ ಮರಗಳ ಲೆಕ್ಕ

ಸಬಾದ ಮಳೆಕಾಡಿಗೆ ನಮ್ಮ ತಂಡ ಹೊರಟಾಗ, ಮರ ಕಡಿಯುವುದನ್ನು ನೋಡಲು ಸಮುದ್ರ ದಾಟಬೇಕೆ ಎಂದು ಬೇರೆ ವಿಭಾಗದ ಗೆಳೆಯರು ಕೇಳಿದ್ದರು. ಉಷ್ಣವಲಯದ ಅರಣ್ಯ ನಿರ್ವಹಣೆ ನಮ್ಮ ಸ್ನಾತಕೋತ್ತರ ಓದಿನ ಒಂದು ಪತ್ರಿಕೆ. ಕಾಡನ್ನೂ ಕಾಡಂಚಿನ ಜನರನ್ನೂ ಒಟ್ಟಿಗೆ ಅಭ್ಯಾಸ ಮಾಡುವ ಕ್ಷೇತ್ರ ಪ್ರವಾಸ ಅದರ ಭಾಗವಾಗಿತ್ತು. ಹೊರಡುವ ಮುನ್ನ ಮೇಷ್ಟ್ರು ನಮಗೆಲ್ಲ ಒಂದೇ ಕೆಲಸ ಹೇಳಿದರು: ಕಡಿದ ಮರದ ಬೊಡ್ಡೆ ಕಂಡಲ್ಲೆಲ್ಲ ನಿಂತು, ಅದರ ಸುತ್ತ ಯಾವ ಮರವನ್ನು ಕಡಿಯದೆ ಬಿಟ್ಟಿದ್ದಾರೆ, ಏಕೆ ಬಿಟ್ಟಿದ್ದಾರೆ ಎಂದು ಬರೆದುಕೊಳ್ಳಬೇಕು. ಕಾಡಿನ ಬಗ್ಗೆ ಇಂದು ನಾನು ಅರಿತಿರುವುದರಲ್ಲಿ ದೊಡ್ಡ ಪಾಲು ಆ ಕೆಲಸದಿಂದಲೇ ಬಂದದ್ದು. ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂದಾಗ ಬೇರೆ ವಿಷಯ ಹುಡುಕಬೇಕೆಂದು ಅನ್ನಿಸಲೇ ಇಲ್ಲ.

ಬೋರ್ನಿಯೊ ದ್ವೀಪದ ಉತ್ತರ ತುದಿಯಲ್ಲಿರುವ ಸಬಾ ಮಲೇಷ್ಯಾದ ಒಂದು ರಾಜ್ಯ. ಅದರ ಪೂರ್ವ ಕರಾವಳಿಯ ಸಂಡಕಾನ್ ಒಂದು ಕಾಲಕ್ಕೆ ದಿಮ್ಮಿಗಳ ದೊಡ್ಡ ಬಂದರು. 1970ರ ದಶಕದಲ್ಲಿ ರಾಜ್ಯದ ಬೊಕ್ಕಸ ನಿಂತಿದ್ದು ಮರದ ರಫ್ತಿನ ಮೇಲೆ. ನಾವು ಹೋದಾಗ ಬಂದರಿನಿಂದ ಒಳನಾಡಿಗೆ ಸಾಗುವ ರಸ್ತೆಯ ಎರಡೂ ಬದಿಗೆ ಗಂಟೆಗಟ್ಟಲೆ ಎಣ್ಣೆತಾಳೆಯ ತೋಟವೇ. ಮೊದಲು ದೊಡ್ಡ ಮರಗಳನ್ನೆಲ್ಲ ತೆಗೆದರು. ದೊಡ್ಡ ಮರ ಉಳಿಯದ ಕಾಡಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ಬೆಲೆಯಿಲ್ಲದ ಕಾಡನ್ನು ತೋಟವಾಗಿಸಲು ಯಾರ ಅಡ್ಡಿಯೂ ಇಲ್ಲ. ಪುಸ್ತಕದಲ್ಲಿ ಎರಡು ಅಧ್ಯಾಯಗಳಾಗಿ ಓದಿದ್ದ ಅತಿಕಟಾವು ಮತ್ತು ಅರಣ್ಯನಾಶ ಒಂದೇ ದಾರಿಯ ಎರಡು ಹೆಜ್ಜೆಗಳು ಎಂಬುದು ಬಸ್ಸಿನ ಕಿಟಕಿಯಲ್ಲೇ ತಿಳಿಯಿತು.

ಡೆರಮಾಕೋಟ್ ಆ ದಾರಿಯಲ್ಲಿ ನಡುವೆಯೇ ನಿಂತ ಕಾಡು. ಸುಮಾರು 55,000 ಹೆಕ್ಟೇರಿನ ಈ ಮೀಸಲು ಅರಣ್ಯದಲ್ಲಿಯೂ 1950ರ ದಶಕದಿಂದ ಮರ ತೆಗೆದಿದ್ದಾರೆ. 1989ರಲ್ಲಿ ಹಳೆಯ ಬಗೆಯ ಕಟಾವನ್ನು ನಿಲ್ಲಿಸಿ, ಜರ್ಮನಿಯ ತಾಂತ್ರಿಕ ನೆರವಿನೊಂದಿಗೆ ಸಬಾದ ಅರಣ್ಯ ಇಲಾಖೆ ಹೊಸ ನಿರ್ವಹಣಾ ಪದ್ಧತಿಯನ್ನು ರೂಪಿಸಿತು. ಕಾಡನ್ನು ಹೊಣೆಯಿಂದ ನಿರ್ವಹಿಸಲಾಗುತ್ತಿದೆ ಎಂದು ಸಾರುವ ಅಂತರರಾಷ್ಟ್ರೀಯ ಎಫ್‌ಎಸ್‌ಸಿ ಪ್ರಮಾಣಪತ್ರ 1997ರಲ್ಲಿ ಸಿಕ್ಕಿತು. ಉಷ್ಣವಲಯದ ಸಹಜ ಕಾಡುಗಳಲ್ಲಿ ಅದನ್ನು ಬಹಳ ಮೊದಲೇ ಪಡೆದವುಗಳಲ್ಲಿ ಇದೂ ಒಂದು. ಕಾಡನ್ನು ವಿಭಾಗಗಳಾಗಿ ಒಡೆದು, ಪ್ರತಿ ವರ್ಷ ಕೆಲವನ್ನು ಮಾತ್ರ ತೆರೆಯುತ್ತಾರೆ. ಒಮ್ಮೆ ಕಡಿದ ವಿಭಾಗಕ್ಕೆ ಮತ್ತೆ ಗರಗಸ ಬರುವುದು 40 ವರ್ಷಗಳ ನಂತರ.

ಅಲ್ಲಿ ಮೇಷ್ಟ್ರ ಕೆಲಸ ಶುರುವಾಯಿತು. ಕಟಾವಿಗೆ ಮೊದಲೇ ಸಿಬ್ಬಂದಿ ವಿಭಾಗವನ್ನೆಲ್ಲ ನಡೆದು, ಕಡಿಯಬಹುದಾದ ಪ್ರತಿ ಮರಕ್ಕೂ ಸಂಖ್ಯೆ ಹಾಕಿ ನಕ್ಷೆಯಲ್ಲಿ ಗುರುತಿಸುತ್ತಾರೆ. ಎದೆಮಟ್ಟದಲ್ಲಿ 60 ಸೆಂಟಿಮೀಟರು ದಪ್ಪವಾಗದ ಮರವನ್ನು ಮುಟ್ಟುವಂತಿಲ್ಲ. ಹಣ್ಣಿನ ಮರಗಳು ಪ್ರಾಣಿಗಳ ಪಾಲು. ಹೊಳೆದಂಡೆಯ ಮರಗಳನ್ನು ನೀರಿಗಾಗಿ ಬಿಡುತ್ತಾರೆ, ಕಡಿದಾದ ಇಳಿಜಾರಿನ ಮರಗಳನ್ನು ಮಣ್ಣಿಗಾಗಿ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಕಡಿದ ಮರಗಳ ಸಾಲಿಗಿಂತ ಬಿಟ್ಟ ಮರಗಳ ಸಾಲು ಎಷ್ಟೋ ಉದ್ದವಾಗಿತ್ತು.

ಅತ್ಯಂತ ಬೆಲೆಬಾಳುವ ಮರಗಳ ನಡುವೆಯೂ ಕೆಲವನ್ನು ತಾಯಿಮರಗಳೆಂದು ಗುರುತಿಸಿ ಬಿಟ್ಟಿದ್ದರು. ಮೊದಲು ನನಗೆ ಅಚ್ಚರಿ ತಂದದ್ದು ಇದು, ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತದ್ದೂ ಇದೇ. ಬೋರ್ನಿಯೊದ ಮೆರಾಂತಿ, ಕೆರುಯಿಂಗ್, ಕಾಪುರ್ ಎಲ್ಲವೂ ಡಿಪ್ಟೆರೋಕಾರ್ಪ್ ಕುಟುಂಬದವು, ಸಾಲವೃಕ್ಷದ ಬಂಧುಗಳು. ಇವು ಪ್ರತಿ ವರ್ಷ ಫಲ ಬಿಡುವುದಿಲ್ಲ. ಕೆಲವು ವರ್ಷಗಳಿಗೊಮ್ಮೆ, ಹೆಚ್ಚಾಗಿ ಎಲ್ ನಿನೊ ತರುವ ಒಣಹವೆಯ ಬೆನ್ನಿಗೆ, ಕಾಡಿಗೆ ಕಾಡೇ ಒಟ್ಟಾಗಿ ಹೂ ಬಿಟ್ಟು ಬೀಜ ಉದುರಿಸುತ್ತದೆ. ಆ ಬೀಜಗಳು ಮಣ್ಣಿನಲ್ಲಿ ಕಾಯುವ ಜಾತಿಯವಲ್ಲ. ಬಿದ್ದ ಕೆಲವೇ ದಿನಗಳಲ್ಲಿ ಮೊಳೆಯಬೇಕು, ಇಲ್ಲವೇ ಸಾಯಬೇಕು. ತಾಯಿಮರವನ್ನು ಕಡಿದರೆ ಮುಂದಿನ ತಲೆಮಾರನ್ನು ಕೊಡಲು ನೆಲದಡಿ ಏನೂ ಉಳಿದಿರುವುದಿಲ್ಲ. ಹಳೆಯ ಕಟಾವಿನವರು ಒಯ್ದದ್ದು ಮರವನ್ನಷ್ಟೇ ಎಂದು ತಿಳಿದುಕೊಂಡಿದ್ದ ನನಗೆ ಅಂದು ನಷ್ಟದ ನಿಜವಾದ ಅಳತೆ ಸಿಕ್ಕಿತು.

ಒಂದು ಮೆರಾಂತಿ ಉರುಳುವುದನ್ನೂ ನೋಡಿದೆವು. ಅದಕ್ಕೆ ಹೆಣೆದುಕೊಂಡಿದ್ದ ಬಳ್ಳಿಗಳನ್ನು ತಿಂಗಳುಗಳ ಹಿಂದೆಯೇ ಕತ್ತರಿಸಿದ್ದರು, ಹಾಗೆ ಮಾಡದಿದ್ದರೆ ಬೀಳುವ ಮರ ನೆರೆಯ ಮರಗಳನ್ನೂ ಎಳೆದುಕೊಂಡೇ ಬೀಳುತ್ತದೆ. ಗರಗಸ ಹಿಡಿದವನು ಮರವನ್ನು ಸುತ್ತಿ ಬಂದು, ತಲೆಯೆತ್ತಿ ಬಹಳ ಹೊತ್ತು ನೋಡಿ, ಬೀಳಿಸುವ ದಿಕ್ಕನ್ನು ಸ್ವಲ್ಪ ಬದಲಿಸಿದ. ಆ ದಾರಿಯಲ್ಲಿ ತೋಳಿನಷ್ಟು ದಪ್ಪದ ಎಳೆಯ ಮೆರಾಂತಿಯೊಂದು ನಿಂತಿತ್ತು. ದಿಮ್ಮಿ ಎಳೆಯುವ ದಾರಿಯನ್ನೂ ಮೊದಲೇ ಗುರುತಿಸಿದ್ದರು, ಟ್ರ್ಯಾಕ್ಟರು ಅದನ್ನು ಬಿಟ್ಟು ಆಚೀಚೆ ಹೋಗುವಂತಿಲ್ಲ. ಮಳೆಕಾಡಿನ ಫಲವತ್ತತೆ ಇರುವುದು ಮೇಲಿನ ತೆಳುಪದರದಲ್ಲಿ, ಅದು ಒಮ್ಮೆ ಗಟ್ಟಿಯಾದರೆ ಬೇರು ಇಳಿಯುವುದಿಲ್ಲ. ಇಂಬಳಗಳ ಕಾಟದ ನಡುವೆ ಇದನ್ನೆಲ್ಲ ಅಳೆದು ಬರೆದೆವು. ಬೋರ್ನಿಯೊದ ಐದು ಜಾತಿಯ ಕಾಡುಬೆಕ್ಕುಗಳೂ, ಮೋಡ ಚಿರತೆ ಸೇರಿದಂತೆ, ಈ ಕಾಡಿನಲ್ಲಿ ದಾಖಲಾಗಿವೆ ಎಂದು ಅಲ್ಲಿನ ಸಿಬ್ಬಂದಿ ಹೇಳುವಾಗ ಅವರ ದನಿಯಲ್ಲಿ ಹೆಮ್ಮೆ ಇತ್ತು. ಆ ಹೆಮ್ಮೆಗೆ ಅವರು ಅರ್ಹರು.

ಆದರೂ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿತ್ತು. 40 ವರ್ಷ ಕಾಯುವವರು ಯಾರು? ಅಧಿಕಾರಿಗೆ ವರ್ಗಾವಣೆಯಾಗುತ್ತದೆ, ವಿದೇಶಿ ಯೋಜನೆಗೆ ಕೊನೆಯ ದಿನಾಂಕ ಇರುತ್ತದೆ, ವಿದ್ಯಾರ್ಥಿ ವರದಿ ಸಲ್ಲಿಸಿ ಹೋಗುತ್ತಾನೆ.

ಇದಕ್ಕೆ ಉತ್ತರ ಸಿಕ್ಕಿದ್ದು ಕಿನಬಟಂಗನ್ ನದಿಯ ಕೆಳದಂಡೆಯ ಬಾಟು ಪುತೆ ಎಂಬ ಹಳ್ಳಿಯಲ್ಲಿ. ಸುಮಾರು 560 ಕಿಲೋಮೀಟರು ಹರಿಯುವ ಈ ನದಿ ಸಬಾದಲ್ಲೇ ಅತಿ ಉದ್ದದ್ದು, ಅದರ ದಂಡೆಯಲ್ಲಿ ಒರಾಂಗ್ ಸುಂಗೈ, ಅಂದರೆ ‘ನದಿಯ ಜನ’ ಎಂಬ ಹೆಸರಿನ ಮೂಲನಿವಾಸಿಗಳು ಹಿಂದಿನಿಂದ ನೆಲೆಸಿದ್ದಾರೆ. 2005ರಲ್ಲಿ ಘೋಷಣೆಯಾದ ವನ್ಯಧಾಮವೂ ಒಂದೇ ಹರವಿನಲ್ಲಿ ಇಲ್ಲ. ತೋಟಗಳ ನಡುವೆ ತುಂಡು ತುಂಡಾಗಿ ಉಳಿದ ಕಾಡು ಅದು. ವನ್ಯಜೀವಿ ಸಂರಕ್ಷಣಾ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ ನೆರವಿನಿಂದ 1990ರ ದಶಕದಲ್ಲಿ ಶುರುವಾದ ಒಂದು ಯೋಜನೆ ಮುಂದೆ ಹಳ್ಳಿಯವರದೇ ಆದ ಕೋಪೆಲ್ ಎಂಬ ಸಹಕಾರ ಸಂಘವಾಗಿ ಬೆಳೆಯಿತು. ಬಂದವರನ್ನು ಸರದಿಯ ಪ್ರಕಾರ ಮನೆಗಳಲ್ಲಿ ಇರಿಸಿಕೊಳ್ಳುವುದು, ದೋಣಿ ನಡೆಸುವುದು, ಸಸಿ ಬೆಳೆಸುವುದು, ಎಲ್ಲವೂ ಸಂಘದ ಕೆಲಸಗಳೇ.

ನರ್ಸರಿಯಲ್ಲಿ ನಮಗೆ ಕೆಲಸ ಕಲಿಸಿದ ಹಿರಿಯ ಹೆಂಗಸನ್ನು ಎಲ್ಲರಂತೆ ನಾವೂ ಮಕ್ಚಿಕ್ (ಮಲಯ ಭಾಷೆಯಲ್ಲಿ ಚಿಕ್ಕಮ್ಮ) ಎಂದೇ ಕರೆದೆವು. ನೆರೆಬಯಲಿನಲ್ಲಿ ಸಸಿ ನೆಡುವುದು ಬಹಳ ಸುಲಭ ಎಂದು ಅವರು ಮೊದಲೇ ಹೇಳಿಬಿಟ್ಟರು. ನೆಟ್ಟ ಮೇಲೆ ನದಿ ಉಕ್ಕುತ್ತದೆ, ನೀರು ಇಳಿದ ಮೇಲೆ ಹುಲ್ಲು ಎದ್ದು ನಿಲ್ಲುತ್ತದೆ, ಹುಲ್ಲಿನ ಹಿಂದೆ ಬಳ್ಳಿ ಬಂದು ಸಸಿಯ ಕತ್ತು ಹಿಸುಕುತ್ತದೆ. ಆದ್ದರಿಂದ ನೆಟ್ಟ ಸಸಿಯ ಬುಡಕ್ಕೆ ಮತ್ತೆ ಮತ್ತೆ, ವರ್ಷಗಟ್ಟಲೆ ಹೋಗಬೇಕು. ನೀರು ನಿಂತರೂ ಬದುಕುವ ಬಂಕಾಲ್ ಸಸಿಯನ್ನು ತಗ್ಗಿನ ಜಾಗಕ್ಕೆಂದು ಅವರು ಬೇರೆಯೇ ಇಟ್ಟಿದ್ದರು. ನೆರೆ ಯಾವ ಮೂಲೆಗೆ ಎಷ್ಟು ಏರುತ್ತದೆಂಬುದು ಅವರಿಗೆ ಗೊತ್ತಿದ್ದಷ್ಟು ಖಚಿತವಾಗಿ ನಮ್ಮ ನಕ್ಷೆಯಲ್ಲಿ ಇರಲಿಲ್ಲ.

ತುಂಗೋಗ್ ಕೆರೆಯ ಕಥೆಯೂ ಇಂಥದ್ದೇ. ನದಿ ಪಾತ್ರ ಬದಲಿಸಿದಾಗ ಹಿಂದೆ ಉಳಿದ ಬಾಗಿದ ಕೆರೆ ಅದು. ದಕ್ಷಿಣ ಅಮೆರಿಕ ಮೂಲದ ಸಾಲ್ವೀನಿಯಾ ಕಳೆ ಅದರ ಮೇಲ್ಮೈಯನ್ನೆಲ್ಲ ಮುಚ್ಚಿ, ಬೆಳಕು ಮತ್ತು ಉಸಿರು ಎರಡನ್ನೂ ತಡೆದಿತ್ತು. ಹಳ್ಳಿಯವರು ದೋಣಿಯಲ್ಲಿ ಕೂತು ಅದನ್ನು ಕೈಯಾರೆ ಎಳೆದು ತೆಗೆದರು. ಸಂಪೂರ್ಣ ಹೋಗುವ ಕಳೆಯಲ್ಲ ಅದು, ಒಂದು ಚೂರು ಉಳಿದರೂ ಹಬ್ಬುತ್ತದೆ. ಹಾಗಾಗಿ ಕೆಲಸ ಮುಗಿಯಿತೆಂದು ಯಾರೂ ಹೇಳುವುದಿಲ್ಲ. ನಮ್ಮ ತಂಡವೂ ಒಂದು ಬೆಳಿಗ್ಗೆ ಅವರ ಜೊತೆ ಕಳೆ ಎಳೆಯಿತು. ಆ ಕೆರೆಯಲ್ಲಿ ಮೀನು ಹಿಡಿದವರು ಅವರು, ಅವರ ಮಕ್ಕಳೂ ಹಿಡಿಯಬೇಕು. ಇಷ್ಟು ದೀರ್ಘವಾದ ಹೊಣೆಯನ್ನು ಯಾವ ಗುತ್ತಿಗೆಯಿಂದಲೂ ಬರೆಸಿಕೊಳ್ಳಲು ಆಗುವುದಿಲ್ಲ ಎಂದು ನಾನು ನಂಬುತ್ತೇನೆ.

ಹಾಗೆಂದು ಹಳ್ಳಿಯವರ ಮೇಲೆ ಹೊಣೆ ಹೊರಿಸಿ ಹಕ್ಕನ್ನು ಮರೆಯುವುದು ಅನ್ಯಾಯ. ಸಬಾದ 1930ರ ಭೂ ಕಾಯಿದೆಯಲ್ಲಿ ಮೂಲನಿವಾಸಿಗಳ ಸಾಂಪ್ರದಾಯಿಕ ಹಕ್ಕಿಗೆ ಮಾನ್ಯತೆ ಇದೆ. ಆದರೂ ದಾಖಲೆಯಲ್ಲಿ ತಮ್ಮ ಜಾಗವನ್ನು ಸಾಬೀತು ಮಾಡುವುದು ಎಷ್ಟು ಕಷ್ಟವೆಂದು ರಾತ್ರಿ ಊಟದ ನಂತರ ಹಿರಿಯರು ಹೇಳುತ್ತಿದ್ದರು. ಹೆಜ್ಜೇನು ಗೂಡು ಕಟ್ಟುವ ಎತ್ತರದ ಮೆಂಗಾರಿಸ್ ಮರವನ್ನು ಜೇನಿಗಾಗಿ ತಲೆಮಾರುಗಳಿಂದ ಕಡಿಯದೆ ಬಿಟ್ಟವರು ಇಂಥ ಹಿರಿಯರೇ. ಅದನ್ನೂ ನಾನು ಮೇಷ್ಟ್ರ ಪಟ್ಟಿಗೆ ಸೇರಿಸಿದೆ, ಏಕೆ ಬಿಟ್ಟರು ಎಂಬ ಕಾರಣದ ಸಮೇತ.

ಈಗ ಅರಣ್ಯಶಾಸ್ತ್ರ ಓದುತ್ತಿರುವ ಕಿರಿಯರಿಗೆ ಒಂದು ಕೋರಿಕೆ. ಡೆರಮಾಕೋಟ್‌ನಲ್ಲಿ 1990ರ ದಶಕದಲ್ಲಿ ಹೊಸ ಪದ್ಧತಿಯಂತೆ ಕಡಿದ ವಿಭಾಗಗಳಿಗೆ 2030ರ ದಶಕದಲ್ಲಿ ಮತ್ತೆ ಸರದಿ ಬರುತ್ತದೆ. ತಾಯಿಮರಗಳ ಬುಡದಲ್ಲಿ ಎಷ್ಟು ಎಳೆಯ ಮೆರಾಂತಿಗಳು 60 ಸೆಂಟಿಮೀಟರು ದಾಟಿವೆ ಎಂದು ಆಗ ಟೇಪು ಹಿಡಿದು ಅಳೆಯಬಹುದು. ನಿಮ್ಮಲ್ಲಿ ಯಾರಿಗಾದರೂ ಅವಕಾಶ ಸಿಕ್ಕರೆ ಹೋಗಿ ಅಳೆಯಿರಿ, ಹಿಂದಿರುಗುವಾಗ ಬಾಟು ಪುತೆಯಲ್ಲಿಯೂ ಇಳಿದು, ಬಂಕಾಲ್ ಸಸಿಗಳಲ್ಲಿ ಎಷ್ಟು ಬದುಕಿವೆ ಎಂದು ಕೇಳಿಕೊಂಡು ಬಂದು ಮುಂದಿನ ಸಂಚಿಕೆಯೊಂದಕ್ಕೆ ಬರೆಯಿರಿ.