ಟ್ಯಾಂಕಿಗೆ ಅಷ್ಟೊಂದು ತುಕ್ಕು ಯಾಕೆ?

ಯಾರೇ ಮಾಡಿದ ಮಾಡೆಲ್ ಟ್ಯಾಂಕ್ ಇರಲಿ, ನನ್ನ ಕಣ್ಣು ಮೊದಲು ಹೋಗುವುದು ತುಕ್ಕಿನ ಕಡೆಗೆ. ಅಂಚಂಚಿಗೂ ಕಂದು ಚುಕ್ಕೆ, ಬೋಲ್ಟ್ ಬೋಲ್ಟಿನಿಂದಲೂ ಕೆಂಪು ನೀರು ಇಳಿದ ಗೆರೆ. ನೋಡೋಕೆ ಚೆನ್ನಾಗಿಯೇ ಇರುತ್ತದೆ, ಇಲ್ಲ ಅನ್ನಲ್ಲ. ಆದರೆ ಎರಡನೇ ಮಹಾಯುದ್ಧದ ಎಷ್ಟೋ ಟ್ಯಾಂಕುಗಳು ಕಾರ್ಖಾನೆಯಿಂದ ಹೊರಬಿದ್ದ ಕೆಲವೇ ತಿಂಗಳಲ್ಲಿ ಸುಟ್ಟೋ ಕೆಟ್ಟೋ ಹೋದವು. ಅಷ್ಟು ತುಕ್ಕು ಹಿಡಿಯೋಕೆ ಅವಕ್ಕೆ ಪುರುಸೊತ್ತಾದರೂ ಎಲ್ಲಿತ್ತು?

ಇನ್ನೊಂದು, ಅಳತೆಯ ಲೆಕ್ಕ. ನಾನು ಮಾಡುವುದೆಲ್ಲ 1:35. ಮಾಡೆಲ್ ಮೇಲಿನ 1 ಮಿಲಿಮೀಟರ್ ಅಂದರೆ ನಿಜದ ಟ್ಯಾಂಕಿನಲ್ಲಿ ಮೂರೂವರೆ ಸೆಂಟಿಮೀಟರ್. ಬ್ರಷ್ ತುದಿಯಿಂದ ಸುಮ್ನೆ 2 ಮಿಲಿಮೀಟರಿನ ಒಂದು ಚುಕ್ಕೆ ಇಟ್ಟರೆ, ಅಲ್ಲಿ ಹತ್ತಿರಹತ್ತಿರ ಅಂಗೈಯಗಲ ಬಣ್ಣ ಕಿತ್ತುಹೋಗಿದೆ ಅಂತ ಅರ್ಥ. ಅದು ಗೀರಲ್ಲ, ಗುಂಡೇಟು! ಅದಕ್ಕೇ ನಾನು ಚಿಪ್ಪಿಂಗಿಗೆ, ಅಂದರೆ ಬಣ್ಣ ಎದ್ದುಹೋದಂತೆ ತೋರಿಸೋಕೆ, ಹರಿದ ಸ್ಪಂಜಿನ ಚೂರು ಹಿಡಿಯುತ್ತೇನೆ. ಬಣ್ಣಕ್ಕೆ ಅದ್ದಿ, ಕಾಗದದ ಮೇಲೆ ಒತ್ತಿ ಒತ್ತಿ ಹೆಚ್ಚೂಕಡಿಮೆ ಒಣಗಿಸಿ, ಆಮೇಲೆ ಅಂಚಿಗೆ ಮುಟ್ಟಿಸಿದರೆ ಸಾಕು. ಮೊದಲು ಮೇಲ್ಬಣ್ಣದ್ದೇ ಸ್ವಲ್ಪ ತಿಳಿ ಛಾಯೆ. ಅದು ಬರೀ ತರಚು. ಅದರ ನಡುವೆ ಎಲ್ಲೋ ಕೆಲವು ಕಡೆ ಮಾತ್ರ ಕಪ್ಪುಗಂದು.

ಎಂ113ಕ್ಕೂ ತುಕ್ಕಿನ ಗೆರೆ ಎಳೆಯುವವರಿದ್ದಾರೆ. ಅದು ಟ್ಯಾಂಕ್ ಅಲ್ಲ, ಸೈನಿಕರನ್ನು ಸಾಗಿಸುವ ಗಾಡಿ, ಗೊತ್ತು. ಆದರೆ ಅದರ ಮೈ ಅಲ್ಯೂಮಿನಿಯಂ. ಬಣ್ಣ ಎದ್ದರೆ ಒಳಗಿಂದ ಮಾಸಲು ಬೆಳ್ಳಿ ಬಣ್ಣ ಕಾಣಬೇಕು, ಕೆಂಪಲ್ಲ. ಅಮೆರಿಕದ ಹಗುರ ಟ್ಯಾಂಕ್ ಷೆರಿಡನ್ ಇನ್ನೂ ಮಜಾ: ಮೈ ಅಲ್ಯೂಮಿನಿಯಂ, ಮೇಲೆ ತಿರುಗುವ ತೋಪಿನ ಗೋಪುರ, ಅಂದರೆ ಟರೆಟ್, ಉಕ್ಕು. ಒಂದೇ ಗಾಡಿಗೆ ಎರಡು ಥರದ ಚಿಪ್ಪಿಂಗ್ ಮಾಡಬೇಕು.

ಹಾಗಂತ ತುಕ್ಕೇ ಬೇಡ ಅಂತಲ್ಲ. ಸೈಲೆನ್ಸರ್‌ಗೆ ಬೇಕೇ ಬೇಕು. ತೆಳು ತಗಡು, ಶಾಖಕ್ಕೆ ಬಣ್ಣ ಸುಟ್ಟುಹೋಗುತ್ತದೆ, ಮೇಲಿಂದ ಮಳೆ. ಹಳೇ ಬೈಕಿನದ್ದು ನೋಡಿದ್ದೀರಲ್ವಾ, ಅದೇ ಕಥೆ. ಅಲ್ಲಿ ನಾನು ಕೈಬಿಚ್ಚಿ ಖರ್ಚು ಮಾಡುತ್ತೇನೆ: ಕಡುಗಂದು, ಮೇಲೆ ಕಿತ್ತಳೆ ಪಿಗ್ಮೆಂಟ್ (ಬಣ್ಣದ ಪುಡಿ), ಹೊಗೆ ಬರುವ ಬಾಯಿಗೆ ಮಸಿ. ಎಳೆಯುವ ಕೇಬಲ್ಲಿಗೂ ಸ್ವಲ್ಪ ಇರಲಿ. ಚಕ್ರಗಳ ಸುತ್ತ ಓಡುವ ಪಟ್ಟಿ, ಅಂದರೆ ಟ್ರ್ಯಾಕ್, ಬರೀ ಉಕ್ಕಾದ್ದರಿಂದ ಬೇಗ ತುಕ್ಕು ಹಿಡಿಯುತ್ತದೆ ನಿಜ, ಆದರೆ ಗಾಡಿ ಓಡಿದ ಕೂಡಲೇ ನೆಲಕ್ಕೆ ತಾಗುವ ಭಾಗ ಉಜ್ಜಿ ಉಜ್ಜಿ ಹೊಳೆಯುತ್ತದೆ. ಅಲ್ಲಿಗೆ ಮೆತ್ತನೆಯ ಪೆನ್ಸಿಲ್ ಸೀಸ ಉಜ್ಜಿ. ದುಬಾರಿ ಲೋಹದ ಬಣ್ಣಕ್ಕಿಂತ ಇದೇ ಚೆಂದ. ಅಮೆರಿಕದ ಷರ್ಮನ್ ಟ್ಯಾಂಕ್‌ಗೆ ರಬ್ಬರ್ ಟ್ರ್ಯಾಕ್ ಹಾಕಿದ್ದರೆ ರಬ್ಬರಿಗೆ ಹೊಳಪೂ ಇಲ್ಲ, ತುಕ್ಕೂ ಇಲ್ಲ.

ಈಗ ಮೇಜಿನ ಮೇಲಿರುವುದು 1943ರ ಕೊನೆಯ ಒಂದು ಜರ್ಮನ್ ಟ್ಯಾಂಕ್, ಟೈಗರ್. ಆ ವರ್ಷ ಫೆಬ್ರವರಿಯಲ್ಲಿ ಜರ್ಮನ್ ಸೇನೆ ಕಡುಬೂದು ಬಿಟ್ಟು ಮಾಸಲು ಹಳದಿಗೆ ಬದಲಾಯಿತು. ಮೇಲೆ ಹಚ್ಚಲು ಹಸಿರು, ಕೆಂಪುಗಂದು ಬಣ್ಣಗಳನ್ನು ಪೇಸ್ಟ್ ರೂಪದಲ್ಲಿ ಕೊಡುತ್ತಿದ್ದರು. ಸಿಬ್ಬಂದಿ ನೀರೋ ಪೆಟ್ರೋಲೋ ಸಿಕ್ಕಿದ್ದರಲ್ಲಿ ಕಲಸಿ ಹಚ್ಚುತ್ತಿದ್ದರು. ಹೀಗಿರುವಾಗ ‘ಸರಿಯಾದ ಛಾಯೆ ಯಾವುದು’ ಅಂತ ಜಗಳವಾಡುವವರನ್ನು ಕಂಡರೆ ನನಗೆ ನಗು. ಟಮಿಯಾ ಕಂಪನಿಯ ಮಾಸಲು ಹಳದಿ ಎಕ್ಸ್‌ಎಫ್-60ಕ್ಕೆ ಸ್ವಲ್ಪ ಬಿಳಿ ಬೆರೆಸಿ ಏರ್‌ಬ್ರಷ್‌ನಲ್ಲಿ ಹೊಡೆದೆ, ಮುಗಿಯಿತು. ಬಿಳಿ ಯಾಕೆ ಅಂದರೆ, ಗಾಡಿ ಚಿಕ್ಕದಾದಷ್ಟೂ ಬಣ್ಣ ಕಪ್ಪಾಗಿ ಕಾಣುತ್ತದೆ. ಮೇಲೆ ಬರುವ ವಾಶ್, ಅಂದರೆ ನೀರಾಗಿಸಿದ ಕಡುಬಣ್ಣದ ಲೇಪ, ಅದನ್ನು ಇನ್ನಷ್ಟು ಕಪ್ಪಾಗಿಸುತ್ತದೆ.

ನನಗೆ ಇಡೀ ಕೆಲಸದಲ್ಲಿ ಇಷ್ಟದ ಘಟ್ಟ ಆಯಿಲ್ ಪೇಂಟ್. ಚಿತ್ರಕಾರರ ಟ್ಯೂಬಿನದೇ. ಮೊದಲು ರಟ್ಟಿನ ಮೇಲೆ ಒಂದಿಷ್ಟು ಹಿಂಡಿ ಬಿಡುತ್ತೇನೆ. ರಟ್ಟು ಎಣ್ಣೆ ಹೀರಿಕೊಂಡರೆ ಒಣಗಿದ ಮೇಲೆ ಮಿರಮಿರ ಹೊಳೆಯುವುದಿಲ್ಲ. ಆಮೇಲೆ ಟರೆಟ್ ಬದಿಯನ್ನು ಪೇಂಟ್ ತೆಳುಮಾಡುವ ವೈಟ್ ಸ್ಪಿರಿಟ್‌ನಿಂದ ಸ್ವಲ್ಪವೇ ಒದ್ದೆ ಮಾಡಿ ಬಿಳಿ, ಕಾವಿ, ಕಡುಗಂದು ಚುಕ್ಕೆಗಳನ್ನು ಅಲ್ಲಲ್ಲಿ ಇಡುವುದು. ಸಾಸಿವೆಗಿಂತ ಸಣ್ಣವು. ಚಪ್ಪಟೆ ಬ್ರಷ್ಷನ್ನು ಸ್ಪಿರಿಟ್‌ಗೆ ಅದ್ದಿ, ಬಟ್ಟೆಯಲ್ಲಿ ಒರೆಸಿ, ಮೇಲಿಂದ ಕೆಳಕ್ಕೆ ಎಳೆದರೆ ಚುಕ್ಕೆಗಳು ಕರಗಿ ಒಂದರೊಳಗೊಂದು ಸೇರುತ್ತವೆ. ಮೊದಲೆರಡು ಎಳೆತಕ್ಕೆ ಗಲೀಜು. ಬ್ರಷ್ ಒರೆಸಿ ಮತ್ತೆ ಎಳೆಯಿರಿ. ಗೆರೆಗಳು ಸಣ್ಣಗಾಗುತ್ತಾ ಹೋಗಿ, ಕಂಡೂ ಕಾಣದಂಥ ಛಾಯೆ ಉಳಿಯುತ್ತದೆ. ಮಳೆ ನೀರು ಇಳಿದ ದಾರಿ ಅದು. ಮಟ್ಟಸ ಜಾಗದಲ್ಲಿ ಮಾತ್ರ ಎಳೆಯಬೇಡಿ, ಬ್ರಷ್ ತುದಿಯಿಂದ ತಟ್ಟಿ ಬಿಡಿ. ನೀರು ಅಲ್ಲಿ ನಿಲ್ಲುತ್ತದೆ, ಹರಿಯುವುದಿಲ್ಲ. ಕೆಳಗಿನದು ಅಕ್ರಿಲಿಕ್ ಆಗಿದ್ದರೆ ಸ್ಪಿರಿಟ್ ಅದನ್ನು ಕರಗಿಸಲ್ಲ. ಆದರೂ ಒಂದು ಕೋಟ್ ವಾರ್ನಿಷ್ ಹೊಡೆದಿರಲಿ. ಸ್ಪಿರಿಟ್ ಸುರಿಯುವಂತೆ ಮಾತ್ರ ಬಳಸಬೇಡಿ. ಚಕ್ರದ ಅಚ್ಚುಗಳ ಸಂದಿಯಲ್ಲಿ ನಿಂತರೆ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಸವೆತ ಎಲ್ಲಿ ಹಾಕಬೇಕು ಅಂತ ಗೊಂದಲವಾದರೆ ನೀವೇ ಟ್ಯಾಂಕ್ ಹತ್ತುತ್ತಿದ್ದೀರಿ ಅಂದುಕೊಳ್ಳಿ. ಕಾಲು ಎಲ್ಲಿ ಇಡುತ್ತೀರಿ? ಕೈಯಲ್ಲಿ ಏನು ಹಿಡಿಯುತ್ತೀರಿ? ಟರೆಟ್ ಮೇಲಿನ ಮುಚ್ಚಳದ ಅಂಚು ಬೂಟಿಗೆ ಸಿಕ್ಕಿ ಸವೆಯುತ್ತದೆ. ಅದರಾಚೆ, ಮಾಡೆಲ್ ಮೇಲೆ ಎರಡು ಸೆಂಟಿಮೀಟರ್ ದೂರದಲ್ಲಿ, ಯಾರೂ ಕಾಲಿಡದ ಮೂಲೆಯಲ್ಲಿ, ಬಣ್ಣ ಹೊಸದರಂತೆಯೇ ಇರುತ್ತದೆ, ಧೂಳು ಮಾತ್ರ ಕೂತಿರುತ್ತದೆ. ಇಂಧನ ತುಂಬುವ ಮುಚ್ಚಳದ ಸುತ್ತ ಚೆಲ್ಲಿದ ಕಲೆ: ಕಡುಗಂದು ಆಯಿಲ್ ಪೇಂಟ್‌ಗೆ ಹೊಳಪಿನ ವಾರ್ನಿಷ್ ಬೆರೆಸಿ ಒಂದೆರಡು ಹನಿ. ಹಳೇ ಕಲೆ ಮಂಕು, ಹೊಸ ಕಲೆ ಹೊಳಪು.

ಧೂಳಿನ ಪಿಗ್ಮೆಂಟ್ ಕೊನೆಗೆ. ಕೆಳಗೆ ದಪ್ಪ, ಮೇಲೆ ಹೋದಂತೆ ತೆಳು. ಒಣ ಕೆಸರು ತಿಳಿ, ಹಸಿ ಕೆಸರು ಕಡು. ಚಕ್ರ, ಟ್ರ್ಯಾಕ್, ಕೆಳಮೈ ಎಲ್ಲಕ್ಕೂ ಒಂದೇ ಮಣ್ಣಿನ ಬಣ್ಣ ಇರಲಿ, ಗಾಡಿ ಓಡಿದ್ದು ಒಂದೇ ನೆಲದ ಮೇಲೆ ತಾನೇ. ಇದರ ಮೇಲೆ ವಾರ್ನಿಷ್ ಹೊಡೆಯಬೇಡಿ, ಅರ್ಧ ಧೂಳು ಮಾಯವಾಗುತ್ತದೆ. ಕೈಗೆ ತಾಗುವ ಜಾಗಕ್ಕೆ ಮಾತ್ರ ಪುಡಿಯನ್ನು ಹಿಡಿದಿಡುವ ಫಿಕ್ಸರ್ ಒಂದು ಹನಿ ಬಿಟ್ಟು, ಮುಂದೆ ಎತ್ತುವಾಗೆಲ್ಲ ಅಡಿಯಿಂದಲೇ ಹಿಡಿದು ಎತ್ತಿ.