ಗುಂಡು ಯಾಕೆ ಬೇಗ ಬೀಳುತ್ತಿತ್ತು ಅಂತ ಕೊನೆಗೂ ಗೊತ್ತಾಯಿತು

ಮೂರು ವಾರ ನಿದ್ದೆಗೆಡಿಸಿದ ಸಮಸ್ಯೆ ನಿನ್ನೆ ರಾತ್ರಿ ಬಗೆಹರಿಯಿತು. ಆ ಖುಷಿಯಲ್ಲೇ ಬರೆಯುತ್ತಿದ್ದೇನೆ.

ನಾನು ಕಟ್ಟಿರುವುದು ಬೀಳುವ ಗುಂಡಿನ ವಿಸ್ಕೋಮೀಟರ್. ದ್ರವದಲ್ಲಿ ಗುಂಡು ಬೀಳಲು ಎಷ್ಟು ಹೊತ್ತು ಬೇಕು ಅನ್ನುವುದರಿಂದ ಅದರ ಸ್ನಿಗ್ಧತೆ, ಅಂದರೆ ದಪ್ಪ, ಅಳೆಯುವ ಸಾಧನ. ನನ್ನದು 25 ಮಿ.ಮೀ. ಗಾಜಿನ ಕೊಳವೆ, 2 ಮಿ.ಮೀ. ಉಕ್ಕಿನ ಗುಂಡು, 20 ಸೆಂ.ಮೀ. ಅಂತರ, ಫೋನಿನ ಸ್ಲೋ ಮೋಷನ್. ಒಳಗಿರುವುದು ಕೋಲಿನ್ ಕ್ಲೋರೈಡ್ (ಒಂದು ಬಗೆಯ ಉಪ್ಪು) 1 ಮೋಲ್, ಯೂರಿಯಾ 2 ಮೋಲ್. ಎರಡೂ ಪುಡಿ. ಕೂಡಿಸಿ 80 ಡಿಗ್ರಿಯಲ್ಲಿ ಕಲಕಿದರೆ ತಿಳಿ ದ್ರವ. ತಣ್ಣಗಾದರೂ ದ್ರವವಾಗಿಯೇ ಇರುತ್ತದೆ, ಕರಗುವ ಬಿಂದು 12 ಡಿಗ್ರಿ. 2003ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಆಂಡ್ರ್ಯೂ ಅಬಟ್ ತಂಡ ಇದನ್ನು ಪ್ರಕಟಿಸಿತು. ಅಪ್ಪಟ ಅಯಾನಿಕ ದ್ರವ (ಬರೀ ಅಯಾನುಗಳಿಂದ, ಅಂದರೆ ವಿದ್ಯುದಾವೇಶವಿರುವ ಕಣಗಳಿಂದ ಆದದ್ದು) ಅಲ್ಲ, ಅದರ ದಾಯಾದಿ. ಆದರೆ ಮನೆಯಲ್ಲಿ ಮಾಡಬಹುದು, ಅದೇ ದೊಡ್ಡದು.

ಮಾಡಬಹುದು, ಸಾಮಾನು ಸರಿಯಾಗಿ ಸಿಕ್ಕಿದರೆ! ಮೊದಲ ಅಂಗಡಿಯವರು ಪ್ಯೂರ್ ಕೋಲಿನ್ ಕ್ಲೋರೈಡ್ ಅಂತ ಕೊಟ್ಟದ್ದು ಕೋಳಿ ಆಹಾರಕ್ಕೆ ಹಾಕುವ 60% ಮಾಲು. ಉಳಿದ 40% ಜೋಳದ ದಿಂಡಿನ ಪುಡಿ. ಗೊಬ್ಬರದಂಗಡಿಯ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪ. ಎರಡನ್ನೂ ಬಿಟ್ಟು ಲ್ಯಾಬ್ ದರ್ಜೆಯದ್ದನ್ನೇ ತರಿಸಿದೆ. ಅದೂ ತೂತಾದ ಚೀಲದಲ್ಲಿ, ಗಂಟು ಗಂಟಾಗಿ ಬಂತು. ದುಡ್ಡು ತೆಗೆದುಕೊಂಡ ಮೇಲೆ ಚೀಲವನ್ನಾದರೂ ಭದ್ರವಾಗಿ ಕಟ್ಟಬೇಕಲ್ವಾ?

ಈಗ ಸಮಸ್ಯೆಗೆ ಬರುತ್ತೇನೆ. ಮೊದಲ ದಿನ 30 ಡಿಗ್ರಿಯಲ್ಲಿ ಗುಂಡು ಕೆಳಗೆ ತಲುಪಲು 7.5 ಸೆಕೆಂಡ್ ತೆಗೆದುಕೊಂಡಿತು. ಮರುದಿನ 6. ಮೂರನೇ ದಿನ 4 ಚಿಲ್ಲರೆ. ತಾಪಮಾಪಕ 30 ಅಂತಲೇ ತೋರಿಸುತ್ತಿತ್ತು.

ನಾನು ತಾಪಮಾಪಕವನ್ನೇ ಅನುಮಾನಿಸಿದೆ. ಅದಕ್ಕೆ ಕಾರಣವೂ ಇತ್ತು. ಪ್ರಕಟವಾದ ಅಳತೆಗಳಲ್ಲಿ ಇದರ ಸ್ನಿಗ್ಧತೆ 25 ಡಿಗ್ರಿಯಲ್ಲಿ 750 ಸೆಂಟಿಪಾಯ್ಸ್, 40ರಲ್ಲಿ ಬರೀ 169. ಅಂದರೆ ಒಂದು ಡಿಗ್ರಿ ಏರಿದರೆ ಹೆಚ್ಚುಕಡಿಮೆ 10% ಇಳಿಕೆ. ಪ್ರೋಬ್ ಬದಲಿಸಿದೆ. ಕರಗುವ ಮಂಜುಗಡ್ಡೆಯಲ್ಲಿಟ್ಟು ಸೊನ್ನೆ ನೋಡಿದೆ. ಕೊಳವೆ ನಿಲ್ಲಿಸಿದ ನೀರಿನ ತೊಟ್ಟಿಗೆ ಇನ್ನೊಂದು ಪಂಪ್ ಹಾಕಿದೆ. ಅದೇ ತೊಟ್ಟಿಯಲ್ಲಿ ಗ್ಲಿಸರಿನ್ ತುಂಬಿ ಬಿರಡೆ ಹಾಕಿಟ್ಟ ಕೊಳವೆ ಮಾತ್ರ ದಿನವೂ ಒಂದೇ ಉತ್ತರ ಕೊಡುತ್ತಿತ್ತು. ಹಾಗಾದರೆ ತಪ್ಪು ತೊಟ್ಟಿಯದ್ದಲ್ಲ.

ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಇದನ್ನೇ ಹೇಳುತ್ತಿದ್ದೆ. ಅವರು ತಿರುಗಿಯೂ ನೋಡದೆ, "ಮಂಗಳೂರಿನ ಮಳೆಗಾಲದಲ್ಲಿ ಉಪ್ಪಿನ ಭರಣಿ ತೆರೆದಿಟ್ಟರೆ ನೀರೊಡೆಯದೆ ಇನ್ನೇನಾಗ್ತದೆ ಮಾರಾಯ?" ಅಂದರು.

ತಕ್ಷಣ 100 ಗ್ರಾಂ ದ್ರವವನ್ನು ಬಟ್ಟಲಲ್ಲಿ ತೆರೆದಿಟ್ಟೆ. ಬೆಳಗ್ಗೆ 102.3 ಗ್ರಾಂ! ಗಾಳಿಯ ತೇವ ಕುಡಿದಿತ್ತು. ಸ್ವಲ್ಪ ನೀರು ಸೇರಿದರೂ ಸಾಕು, ಅಯಾನುಗಳ ನಡುವಿನ ಬಿಗಿ ಸಡಿಲವಾಗಿ ದ್ರವ ತೆಳ್ಳಗಾಗುತ್ತದೆ. ನಾನು ಗುಂಡು ಹಾಕಲು ಪ್ರತಿ ಸಲ ಮುಚ್ಚಳ ತೆಗೆಯುತ್ತಿದ್ದೆನಲ್ಲ, ಅಲ್ಲೇ ಎಲ್ಲ ಹಾಳಾಗಿದ್ದು.

ಪರಿಹಾರ: ಮುಚ್ಚಳ ತೆಗೆಯಲೇಬಾರದು. ಹೊಸ ದ್ರವವನ್ನು ಬಿಸಿಯಿರುವಾಗಲೇ ತುಂಬಿ, ಗುಂಡು ಹಾಕಿ, ತೆಳ್ಳನೆ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿಬಿಟ್ಟೆ. ಹಳೆ ಹಾರ್ಡ್ ಡಿಸ್ಕಿನ ಅಯಸ್ಕಾಂತದಿಂದ ಗುಂಡನ್ನು ಹೊರಗಿನಿಂದಲೇ ಮೇಲಕ್ಕೆ ಎಳೆಯುತ್ತೇನೆ. ಮುಚ್ಚಳದ ನಟ್ಟನಡುವೆ ಇನ್ನೊಂದು ಅಯಸ್ಕಾಂತ ಅದನ್ನು ಹಿಡಿಯುತ್ತದೆ. ಅದನ್ನು ಎತ್ತಿದರೆ ಗುಂಡು ಗೋಡೆಗೆ ತಾಗದೆ ನೇರ ಇಳಿಯುತ್ತದೆ. ಹತ್ತು ದಿನ ಕಾದು ನೋಡಿದೆ, 7.4ರಿಂದ 7.6ರೊಳಗೆ ನಿಂತಿದೆ. ನಿನ್ನೆ ರಾತ್ರಿ 35ರಲ್ಲಿ 4.5, 40ರಲ್ಲಿ 2.85, 45ರಲ್ಲಿ 1.9 ಸೆಕೆಂಡ್ ಬಂತು. ಈ ಸಮಯಗಳ ಲಾಗರಿದಮ್ ತೆಗೆದು ತಾಪದ ವಿಲೋಮಕ್ಕೆ ಎದುರಾಗಿ ಗುರುತು ಹಾಕಿದರೆ ಗೆರೆ ನೆಟ್ಟಗಿಲ್ಲ, ಚೂರು ಬಾಗಿದೆ. ತಾಪದ ಜೊತೆ ಸ್ನಿಗ್ಧತೆ ಹೇಗೆ ಬದಲಾಗುತ್ತದೆ ಅಂತ ತಿಳಿಸುವ ವೋಗೆಲ್ ಸಮೀಕರಣ ಹೇಳುವ ಬಾಗು ನನ್ನ ಮೇಜಿನ ಮೇಲೆ!

ಒತ್ತಡದ ಕಥೆ ಬೇರೆ. ಒತ್ತಡ ಏರಿದರೆ ಸ್ನಿಗ್ಧತೆ ಹೇಗೆ ಬದಲಾಗುತ್ತದೆ ಅಂತ ಕುಕ್ಕರ್‌ನಲ್ಲಿ ನೋಡಬಹುದಾ ಅಂತ ಗೆಳೆಯರು ಕೇಳಿದ್ದರು. ಕುಕ್ಕರ್ ಕೊಡುವುದು ಸುಮಾರು ಒಂದು ವಾತಾವರಣದಷ್ಟು ಹೆಚ್ಚುವರಿ ಒತ್ತಡ. ಅದರಿಂದ ಆಗುವ ಸ್ನಿಗ್ಧತೆಯ ಏರಿಕೆ 0.1%ದ ಆಸುಪಾಸು, ನನ್ನ ಫೋನಿಗೆ ಕಾಣುವುದಿಲ್ಲ. ಅಯಾನಿಕ ದ್ರವ ಹಲವು ಪಟ್ಟು ದಪ್ಪವಾಗಬೇಕಾದರೆ 100 ಮೆಗಾಪ್ಯಾಸ್ಕಲ್ ಬೇಕು, ಸುಮಾರು ಸಾವಿರ ವಾತಾವರಣ. ಅಯಾನುಗಳು ಜರುಗಲು ಇರುವ ಖಾಲಿ ಜಾಗವನ್ನೇ ಹಿಂಡಿ ತೆಗೆಯಬೇಕು. ಅದಕ್ಕೆ ಗಾಜು ಬೇಡವೇ ಬೇಡ. ದಪ್ಪ ಗೋಡೆಯ ಸ್ಟೇನ್‌ಲೆಸ್ ಕೊಳವೆ ಬೇಕು, ಅಯಸ್ಕಾಂತಕ್ಕೆ ಅಂಟದ ಜಾತಿಯದ್ದು. ಒಳಗೆ ಗುಂಡು ಕಾಣುವುದಿಲ್ಲ, ಹಾಗಾಗಿ ಅದು ಹಾದುಹೋದದ್ದು ತಿಳಿಯಲು ಹೊರಗೆ ಎರಡು ತಂತಿ ಕಾಯಿಲ್ ಸುತ್ತಬೇಕು. ಮೊದಲನೆಯದನ್ನು ಇವತ್ತು ಬೆಳಗ್ಗೆ ಸುತ್ತಿದೆ, 400 ಸುತ್ತು. ಸದ್ಯಕ್ಕೆ ಖಾಲಿ ಕೊಳವೆಯಲ್ಲಿ ದೊಡ್ಡ ಗುಂಡು ಬಿಟ್ಟಾಗ, ವಿದ್ಯುತ್ ಸಂಕೇತ ತೋರಿಸುವ ಆಸಿಲೋಸ್ಕೋಪಿನಲ್ಲಿ ಸಣ್ಣ ಉಬ್ಬೊಂದು ಕಾಣಿಸಿತು.